ಹೆರ್ಜೋಗ್: ಹೆಸರು ದೊಡ್ಡದೋ, ಚಿತ್ರಗಳು ದೊಡ್ಡವೋ?

ಕಳೆದ ಸಂಚಿಕೆಯಲ್ಲಿ ಜರ್ಮನ್ ಸಿನಿಮಾದ ಬಗ್ಗೆ ಬರೆಯುತ್ತ ವರ್ನರ್ ಹೆರ್ಜೋಗ್ ಅವರ ಹೆಸರನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದ ಮೇಲೆ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡುವುದು ಲೇಸೆನಿಸಿತು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ಮೊಬೈಲಿನಲ್ಲಿ ಒಂದು ತುಣುಕು ಬಂತು. ಪೆಂಗ್ವಿನ್ ಒಂದು ತನ್ನ ಗುಂಪನ್ನು ಬಿಟ್ಟು ಒಂಟಿಯಾಗಿ ಹಿಮದ ಬೆಟ್ಟಗಳ ಕಡೆ ನಡೆದುಹೋಗುತ್ತದೆ. ಹಿನ್ನೆಲೆಯಲ್ಲಿ ಒಬ್ಬರು ವಿಚಿತ್ರ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಆ ಧ್ವನಿ ನೀವು ಬರೆದ ಹೆರ್ಜೋಗ್ ಅವರದೇ ಎಂದು ನನ್ನ ಮಗ ಹೇಳುತ್ತಾನೆ. ಅವರು ನಿರ್ದೇಶಕರೋ ಅಥವಾ ನಿರೂಪಕರೋ? (ಹಾಸನದ ನಿವೃತ್ತ ಶಿಕ್ಷಕರೊಬ್ಬರು)

ಉತ್ತರ: ನಿಮ್ಮ ಮಗನ ಮಾತು ಸರಿ. ಅದು ಅಂಟಾರ್ಕ್ಟಿಕಾದಲ್ಲಿ ಕೆಲಸ ಮಾಡುವ ಜನರ ಬಗ್ಗೆ ಹೆರ್ಜೋಗ್ 2007ರಲ್ಲಿ ತೆಗೆದ ‘ಎನ್‌ಕೌಂಟರ್ಸ್ ಅಟ್ ದಿ ಎಂಡ್ ಆಫ್ ದಿ ವರ್ಲ್ಡ್’ ಎಂಬ ಸಾಕ್ಷ್ಯಚಿತ್ರದ ಭಾಗ. ಪೆಂಗ್ವಿನ್‌ಗಳನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ, ಮಾತು ಬಹಳ ಕಡಿಮೆಯಾದ ವಿಜ್ಞಾನಿಯೊಬ್ಬರನ್ನು ಹೆರ್ಜೋಗ್, ಪೆಂಗ್ವಿನ್‌ಗಳಿಗೂ ಹುಚ್ಚು ಹಿಡಿಯುವುದುಂಟೇ ಎಂದು ಕೇಳುತ್ತಾರೆ. ಆಮೇಲೆ ಆ ದೃಶ್ಯ. ಮೇವಿಗಾಗಿ ಕಡಲಂಚಿಗೂ ಹೋಗದೆ, ತನ್ನವರಿದ್ದಲ್ಲಿಗೂ ಮರಳದೆ ಒಂದು ಹಕ್ಕಿ ನಿಂತುಬಿಡುತ್ತದೆ. ಬಳಿಕ ಸುಮಾರು 70 ಕಿಲೋಮೀಟರ್ ದೂರದ ಬೆಟ್ಟಗಳತ್ತ ಹೆಜ್ಜೆ ಹಾಕುತ್ತದೆ. ಅದನ್ನು ಹಿಡಿದು ತಂದು ಗುಂಪಿನಲ್ಲಿ ಬಿಟ್ಟರೂ ಮತ್ತೆ ಅದೇ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಹೆರ್ಜೋಗ್ ಅವರ ಧ್ವನಿ ಯಾವ ಉದ್ವೇಗವೂ ಇಲ್ಲದೆ ತಿಳಿಸುತ್ತದೆ. ನಿಮ್ಮ ಮೊಬೈಲಿಗೆ ಬಂದ ತುಣುಕಿನಲ್ಲಿ ವಿಜ್ಞಾನಿಯ ಆ ಮುಜುಗರದ ಮೌನ ಇರಲಾರದು. ನನ್ನ ದೃಷ್ಟಿಯಲ್ಲಿ ದೃಶ್ಯದ ಅರ್ಧ ತೂಕ ಇರುವುದೇ ಅಲ್ಲಿ.

ಹೆರ್ಜೋಗ್ ಮೂಲತಃ ನಿರ್ದೇಶಕರು. 1942ರ ಸೆಪ್ಟೆಂಬರ್ 5ರಂದು ಮ್ಯೂನಿಕ್‌ನಲ್ಲಿ ಹುಟ್ಟಿದರು. ಯುದ್ಧಕಾಲದ ಬಾಂಬ್ ದಾಳಿಗೆ ಹೆದರಿದ ತಾಯಿ ಕೈಗೂಸನ್ನು ಎತ್ತಿಕೊಂಡು ಆಸ್ಟ್ರಿಯಾ ಗಡಿಯ ಸಾಖ್ರಾಂಗ್ ಎಂಬ ಬೆಟ್ಟದೂರಿಗೆ ಹೋದದ್ದರಿಂದ, ಅವರ ಬಾಲ್ಯ ನಲ್ಲಿನೀರು, ಟೆಲಿಫೋನ್, ಸಿನಿಮಾ ಯಾವುದೂ ಇಲ್ಲದ ಕಡೆ ಕಳೆಯಿತು. ಅವರು ಮೊದಲ ಸಿನಿಮಾ ನೋಡಿದ್ದು 11ನೇ ವಯಸ್ಸಿನಲ್ಲಿ. ಶಾಲೆಯಲ್ಲಿ ಓದುವಾಗಲೇ ರಾತ್ರಿ ಪಾಳಿಯಲ್ಲಿ ಉಕ್ಕಿನ ಕಾರ್ಖಾನೆಯ ವೆಲ್ಡಿಂಗ್ ಕೆಲಸ ಮಾಡಿ, ಆ ದುಡ್ಡಿನಿಂದ ಮೊದಲ ಕಿರುಚಿತ್ರ ತೆಗೆದರು. 1968ರ ಮೊದಲ ಪೂರ್ಣ ಕಥಾಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದ ರಜತ ಕರಡಿ ಬಂತು. ಅಲ್ಲಿಂದ ಈಚೆಗೆ ಕಥಾಚಿತ್ರ, ಸಾಕ್ಷ್ಯಚಿತ್ರ, ಕಿರುಚಿತ್ರ ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಕೃತಿಗಳು ಬಂದಿವೆ. ಅನೇಕ ಸಾಕ್ಷ್ಯಚಿತ್ರಗಳಲ್ಲಿ ನಿರೂಪಣೆಯೂ ಅವರದೇ. ಅದು ಪ್ರಸಿದ್ಧವಾದದ್ದು ಮಾತ್ರ ತಡವಾಗಿ, ಮುಖ್ಯವಾಗಿ 2005ರ ‘ಗ್ರಿಜ್ಲಿ ಮ್ಯಾನ್’ ಆದ ಮೇಲೆ. ಈಗ ಅವರ ಧ್ವನಿಯನ್ನು ಅನುಕರಿಸಿ ನಗಿಸುವವರ ಒಂದು ದಂಡೇ ಇದೆ. 2022ರಲ್ಲಿ ಅವರ ಮತ್ತು ದಾರ್ಶನಿಕ ಸ್ಲಾವೊಯ್ ಝಿಝೆಕ್ ಅವರ ಕಂಠಗಳನ್ನು ಯಂತ್ರದಿಂದ ಸೃಷ್ಟಿಸಿ, ಇಬ್ಬರೂ ಕೊನೆಯಿಲ್ಲದೆ ಹರಟುವಂತೆ ಮಾಡಿದ ಪ್ರಯೋಗವೂ ನಡೆಯಿತು. ಒಬ್ಬ ನಿರ್ದೇಶಕನ ಒಂದು ಚಿತ್ರವನ್ನೂ ನೋಡದವರು ಆತನ ಧ್ವನಿಯನ್ನು ಗುರುತಿಸುತ್ತಾರೆ ಎಂದರೆ ಅದು ಜನಪ್ರಿಯತೆಯೇ ಸರಿ. ಆದರೆ ಚಿತ್ರಕಾರರಾಗಿ ಅವರಿಗಿರುವ ಸ್ಥಾನ ಬೇರೆ ಲೆಕ್ಕ, ಅದು ಈ ಜನಪ್ರಿಯತೆಗಿಂತ ಬಹಳ ಹಳೆಯದು. ಅಂದಹಾಗೆ, ಜರ್ಮನ್ನರ ಬಾಯಲ್ಲಿ ಆ ಹೆಸರು ‘ಹೆರ್ಟ್ಸೋಕ್’ ಎಂದು ಕೇಳಿಸುತ್ತದೆ. ಆ ಪದಕ್ಕೆ ಡ್ಯೂಕ್, ಅಂದರೆ ಸಾಮಂತ ದೊರೆ ಎಂದರ್ಥ.

ಪ್ರಶ್ನೆ: ಜರ್ಮನಿಯಲ್ಲಿ ಕೆಲವು ವರ್ಷ ಇದ್ದು ಬಂದ ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿ ಹೆರ್ಜೋಗ್ ಅವರಿಗೆ ಅಂಥ ಮನ್ನಣೆಯೇನೂ ಇಲ್ಲ, ಅಮೆರಿಕದವರು ಕಟ್ಟಿದ ಹೆಸರು ಅದು ಎನ್ನುತ್ತಾರೆ. ಇದು ನಿಜವೇ? (ಮೈಸೂರಿನ ಕಾಲೇಜು ಅಧ್ಯಾಪಕಿಯೊಬ್ಬರು)

ಉತ್ತರ: ಅರ್ಧ ನಿಜ, ಅದೂ ಹಿಂದಿನ ಕಾಲದ ನಿಜ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಹೆರ್ಜೋಗ್ ಅವರ ವಿಷಯದಲ್ಲಿ ಗಿಡ ಹಿತ್ತಲಲ್ಲಿ ನಿಲ್ಲಲೇ ಇಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. 1962ರಲ್ಲಿ ಓಬರ್‌ಹೌಸನ್ ಎಂಬ ಊರಿನಲ್ಲಿ ಇಪ್ಪತ್ತಾರು ಮಂದಿ ತರುಣರು ಹಳೆಯ ಸಿನಿಮಾ ಸತ್ತಿತೆಂದು ಸಾರುವ ಹೇಳಿಕೆಗೆ ಸಹಿ ಹಾಕಿದ ಮೇಲೆ ‘ನವ ಜರ್ಮನ್ ಸಿನಿಮಾ’ ಎಂಬುದೊಂದು ರೂಪುಗೊಂಡಿತು. ಫಾಸ್‌ಬಿಂಡರ್, ವಿಮ್ ವೆಂಡರ್ಸ್, ಶ್ಲೋಂಡೋರ್ಫ್ ಮುಂತಾದವರ ಜೊತೆ ಹೆರ್ಜೋಗ್ ಅವರನ್ನೂ ಆ ಸಾಲಿನಲ್ಲಿ ನಿಲ್ಲಿಸುವುದು ರೂಢಿ. ಅವರು ಆ ಹೇಳಿಕೆಗೆ ಸಹಿ ಹಾಕಿದವರಲ್ಲ, ಗುಂಪುಗಾರಿಕೆಯ ಮನುಷ್ಯರೂ ಅಲ್ಲ. ಉಳಿದವರು, ಅದರಲ್ಲೂ ಫಾಸ್‌ಬಿಂಡರ್, ಯುದ್ಧಾನಂತರದ ಜರ್ಮನಿಯ ಮನೆಯೊಳಗಿನ ಕೊಳೆಯನ್ನೇ ಕೆದಕಿದರು: ಮರೆತಂತೆ ನಟಿಸಿದ ನಾಜಿ ಕಾಲ, ಹೊಸ ಸಿರಿವಂತಿಕೆ, ವಲಸೆ ಕಾರ್ಮಿಕರ ಪಾಡು. ಅದೇ ಹೊತ್ತಿಗೆ ಹೆರ್ಜೋಗ್ ಸಹಾರಾದಲ್ಲೋ, ಅಮೆಜಾನ್ ಕಾಡಿನಲ್ಲೋ ಕ್ಯಾಮೆರಾ ಹೊತ್ತು ತಿರುಗುತ್ತಿದ್ದರು. ಎಪ್ಪತ್ತರ ದಶಕದ ಜರ್ಮನಿಯ ರಾಜಕೀಯ ಕಾವಿನಲ್ಲಿ ಇದು ದೇಶದ ಸಮಸ್ಯೆಗಳಿಗೆ ಬೆನ್ನು ಹಾಕಿದಂತೆ ಕಾಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ 1992ರಲ್ಲಿ, ಕುವೈತ್‌ನ ಉರಿಯುವ ತೈಲಬಾವಿಗಳನ್ನು ಕುರಿತ ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ ಚಿತ್ರವನ್ನು ಬರ್ಲಿನ್‌ನಲ್ಲಿ ತೋರಿಸಿದಾಗ, ಯುದ್ಧದ ಭೀಕರತೆಯನ್ನು ಸೌಂದರ್ಯದ ಸರಕನ್ನಾಗಿ ಮಾಡಿದ್ದಾರೆಂದು ಪ್ರೇಕ್ಷಕರು ಕೂಗೆಬ್ಬಿಸಿದರು. ಕೆಲವೇ ವರ್ಷಗಳಲ್ಲಿ ಹೆರ್ಜೋಗ್ ಅಮೆರಿಕದಲ್ಲಿ ನೆಲೆಸಿದರು. ಇಂದಿಗೂ ಅವರ ಮನೆ ಲಾಸ್ ಏಂಜಲೀಸ್‌ನಲ್ಲಿದೆ.

ಆದರೆ ಅಮೆರಿಕದವರು ಕಟ್ಟಿದ ಹೆಸರು ಎನ್ನುವುದು ತಪ್ಪು. ಬಂಗಾರದ ನಾಡನ್ನು ಹುಡುಕಿ ಹೊರಟ ಸ್ಪೇನಿನ ದಂಡಿನ ಕಥೆಯಾದ 1972ರ ‘ಅಗಿರೆ’ ಚಿತ್ರವನ್ನು ಮೊದಲು ತಲೆಯ ಮೇಲೆ ಹೊತ್ತದ್ದು ಪ್ಯಾರಿಸ್. ಜರ್ಮನಿಯಲ್ಲಿ ಅದರ ತಯಾರಿಕೆಗೆ ದುಡ್ಡು ಹಾಕಿದ್ದ ದೂರದರ್ಶನ ವಾಹಿನಿ ಅದನ್ನು ಬೇಗನೆ ಕಿರುತೆರೆಯಲ್ಲೇ ತೋರಿಸಿಬಿಟ್ಟಿದ್ದರಿಂದ ಚಿತ್ರಮಂದಿರದ ಗಳಿಕೆಗೆ ಪೆಟ್ಟು ಬಿತ್ತು. 1975ರಲ್ಲಿ ಕಾನ್ ಚಿತ್ರೋತ್ಸವ ‘ಕಾಸ್ಪರ್ ಹೌಸರ್’ ಚಿತ್ರಕ್ಕೆ ತೀರ್ಪುಗಾರರ ಮಹಾ ಬಹುಮಾನ ಕೊಟ್ಟಿತು. 1982ರಲ್ಲಿ ‘ಫಿಟ್ಸ್‌ಕರಾಲ್ಡೊ’ಗಾಗಿ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯೂ ಅಲ್ಲಿಂದಲೇ ಬಂತು.

ಲೋಟೆ ಐಸ್ನರ್ ಅವರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಹಿಟ್ಲರ್ ಬಂದಾಗ ದೇಶ ಬಿಟ್ಟು ಪ್ಯಾರಿಸ್ ಸೇರಿದ ಯಹೂದಿ ವಿಮರ್ಶಕಿ ಆಕೆ. ಮುರ್ನೌ, ಫ್ರಿಟ್ಸ್ ಲಾಂಗ್ ಅವರ ಕಾಲದ ಜರ್ಮನ್ ಸಿನಿಮಾದ ನೆನಪನ್ನು ಕಾಪಾಡಿದವರು. ಅವರು 1974ರ ನವೆಂಬರ್‌ನಲ್ಲಿ ಕಾಯಿಲೆ ಬಿದ್ದರೆಂದು ತಿಳಿದಾಗ, ತಾನು ನಡೆದೇ ಹೋದರೆ ಆಕೆ ಉಳಿಯುತ್ತಾರೆ ಎಂಬ ಹರಕೆಯಂಥ ನಂಬಿಕೆಯಿಂದ ಹೆರ್ಜೋಗ್ ಚಳಿಯಲ್ಲಿ ಮ್ಯೂನಿಕ್‌ನಿಂದ ಪ್ಯಾರಿಸ್‌ವರೆಗೆ ಮೂರು ವಾರ ನಡೆದರು. ಆಕೆ 1983ರವರೆಗೂ ಬದುಕಿದ್ದರು. ನಮ್ಮಲ್ಲಿ ಧರ್ಮಸ್ಥಳಕ್ಕೋ ಪಂಢರಪುರಕ್ಕೋ ನಡೆದುಹೋಗುವವರಿಗೆ ಇದೇನೂ ವಿಚಿತ್ರ ಅನಿಸಲಿಕ್ಕಿಲ್ಲ. ತಂದೆಯ ತಲೆಮಾರಿನ ಸಿನಿಮಾವನ್ನು ನಾಜಿಗಳು ಹಾಳುಗೆಡವಿದ ಮೇಲೆ ಅಜ್ಜಂದಿರ ತಲೆಮಾರಿನ ಜೊತೆ ಕಡಿದ ಎಳೆಯನ್ನು ಮತ್ತೆ ಕಟ್ಟುವ ಕೆಲಸವನ್ನು ಹೆರ್ಜೋಗ್ ಗಂಭೀರವಾಗಿ ತೆಗೆದುಕೊಂಡಿದ್ದರು. ಮುರ್ನೌ ಅವರ 1922ರ ‘ನೊಸ್ಫೆರಾಟು’ವನ್ನು ಅವರು 1979ರಲ್ಲಿ ಮತ್ತೆ ತೆಗೆದದ್ದೂ ಇದೇ ಕಾರಣದಿಂದ. ಇಂಥವರನ್ನು ಬೇರಿಲ್ಲದವರು ಎನ್ನಲು ನನಗೆ ಮನಸ್ಸಿಲ್ಲ.

ಈಗ ಜರ್ಮನಿಯೂ ಮೆತ್ತಗಾಗಿದೆ. 2010ರಲ್ಲಿ ಬರ್ಲಿನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ಅವರೇ ಅಧ್ಯಕ್ಷರಾಗಿದ್ದರು, 2013ರಲ್ಲಿ ಜರ್ಮನ್ ಚಲನಚಿತ್ರ ಗೌರವ ಪ್ರಶಸ್ತಿ ಬಂತು, 2022ರಲ್ಲಿ ಎಂಬತ್ತು ತುಂಬಿದಾಗ ಬರ್ಲಿನ್‌ನ ಸಿನಿಮಾ ವಸ್ತುಸಂಗ್ರಹಾಲಯ ಅವರ ಮೇಲೆ ಪ್ರದರ್ಶನವನ್ನೇ ಏರ್ಪಡಿಸಿತು.

ಪ್ರಶ್ನೆ: ಒಂದು ದೃಶ್ಯಕ್ಕಾಗಿ ನಿಜವಾದ ಹಡಗನ್ನು ಬೆಟ್ಟ ಹತ್ತಿಸಿದರಂತೆ, ನಟನಿಗೆ ಬಂದೂಕು ತೋರಿಸಿದರಂತೆ. ಇದನ್ನೆಲ್ಲ ಪ್ರತಿಭೆ ಎನ್ನಬೇಕೋ, ಹುಚ್ಚು ಎನ್ನಬೇಕೋ? ಆ ಕೆಲಸ ಮಾಡಿದ ಬಡ ಕೂಲಿಗಳ ಬಗ್ಗೆ ಯಾರೂ ಬರೆಯುವುದಿಲ್ಲವೇಕೆ? (ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯವೆನಿಸುತ್ತದೆ. ‘ಫಿಟ್ಸ್‌ಕರಾಲ್ಡೊ’ ಚಿತ್ರದ ಹಡಗಿನ ಸಂಗತಿ ನಿಜ. ಪೆರು ದೇಶದ ರಬ್ಬರ್ ವ್ಯಾಪಾರಿ ಕಾರ್ಲೋಸ್ ಫಿಟ್ಸ್‌ಕರಾಲ್ಡ್ ಹಿಂದೆ ಒಂದು ನದಿಯಿಂದ ಇನ್ನೊಂದು ನದಿಗೆ ದೋಣಿ ಸಾಗಿಸಿದ್ದನಷ್ಟೆ. ಆದರೆ ಆತನ ಹಡಗು ಸುಮಾರು 30 ಟನ್ನಿನದು, ಅದನ್ನೂ ಬಿಚ್ಚಿ ತುಂಡುತುಂಡಾಗಿ ಹೊರಿಸಿದ್ದ. ಹೆರ್ಜೋಗ್ 320 ಟನ್ನಿನ ಹಡಗನ್ನು ಇಡಿಯಾಗಿ, ರಾಟೆ, ಹಗ್ಗ ಮತ್ತು ಒಂದು ಬುಲ್ಡೋಜರ್ ಬಳಸಿ ಗುಡ್ಡದ ಮೇಲೆ ಎಳೆಸಿದರು. ಇಳಿಜಾರು ಅತಿಯಾಯಿತೆಂದು ಎಂಜಿನಿಯರ್ ಕೆಲಸ ಬಿಟ್ಟುಹೋದ. ನಾಯಕ ಪಾತ್ರದ ಜೇಸನ್ ರೊಬಾರ್ಡ್ಸ್ ಆಮಶಂಕೆಯಿಂದ ಊರಿಗೆ ಮರಳಿದರು. ಜೊತೆಗಿದ್ದ ಗಾಯಕ ಮಿಕ್ ಜ್ಯಾಗರ್ ಸಂಗೀತ ಕಛೇರಿಗಳ ಕರಾರಿನಿಂದಾಗಿ ಹೊರಟರು. ಹತ್ತರಲ್ಲಿ ನಾಲ್ಕು ಪಾಲು ಮುಗಿದಿದ್ದ ಚಿತ್ರವನ್ನು ಜರ್ಮನ್ ನಟ ಕ್ಲಾವುಸ್ ಕಿನ್‌ಸ್ಕಿಯನ್ನು ಹಾಕಿಕೊಂಡು ಮೊದಲಿನಿಂದ ತೆಗೆಯಬೇಕಾಯಿತು. ಈ ಎಲ್ಲ ಪಾಡನ್ನು ಲೆಸ್ ಬ್ಲ್ಯಾಂಕ್ ಎಂಬ ಅಮೆರಿಕನ್ ನಿರ್ದೇಶಕರು ‘ಬರ್ಡನ್ ಆಫ್ ಡ್ರೀಮ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟರು. ಕಾಡಿನ ನಡುವೆ ನಿಂತು ಪ್ರಕೃತಿಯನ್ನೇ ಶಪಿಸುವ ಹೆರ್ಜೋಗ್ ಎಂಬ ಪಾತ್ರ ಜಗತ್ತಿಗೆ ಪರಿಚಯವಾದದ್ದು ಆ ಸಾಕ್ಷ್ಯಚಿತ್ರದಿಂದ. ಮೂಲ ಚಿತ್ರಕ್ಕಿಂತ ಅದನ್ನೇ ಹೆಚ್ಚು ಮೆಚ್ಚುವವರೂ ಇದ್ದಾರೆ.

ಕೂಲಿಗಳ ವಿಷಯ. ಮೊದಲು ಶಿಬಿರ ಹಾಕಿದ ಜಾಗದ ಆಗ್ವರೂನಾ ಬುಡಕಟ್ಟಿನವರು ಚಿತ್ರೀಕರಣವನ್ನು ವಿರೋಧಿಸಿ, 1979ರ ಡಿಸೆಂಬರ್‌ನಲ್ಲಿ ಶಿಬಿರಕ್ಕೆ ಬೆಂಕಿಯಿಟ್ಟರು. ತಂಡ ದಕ್ಷಿಣಕ್ಕೆ ಬಹುದೂರ ಹೋಗಿ ಬೇರೆ ಬುಡಕಟ್ಟುಗಳ ಜನರನ್ನು ಸೇರಿಸಿಕೊಂಡು ಕೆಲಸ ಮುಗಿಸಿತು. ಜರ್ಮನಿಯ ಪತ್ರಿಕೆಗಳಲ್ಲಿ ಬಂದ ಹಲವು ಆರೋಪಗಳು ಉತ್ಪ್ರೇಕ್ಷೆ ಎಂದು ಹೆರ್ಜೋಗ್ ವಾದಿಸಿದ್ದಾರೆ, ಅಲ್ಲಿನವರಿಗೆ ಭೂಮಿಯ ಹಕ್ಕುಪತ್ರ ಸಿಗಲು ತಾನು ನೆರವಾದೆನೆಂದೂ ಹೇಳಿದ್ದಾರೆ. ಅಷ್ಟಾದರೂ, ರಬ್ಬರ್ ದೊರೆಯ ಕನಸಿಗಾಗಿ ಆದಿವಾಸಿಗಳು ಹಡಗು ಎಳೆಯುವ ಕಥೆಯನ್ನು ಹೇಳಲು, ಜರ್ಮನ್ ನಿರ್ದೇಶಕನ ಕನಸಿಗಾಗಿ ಆದಿವಾಸಿಗಳು ಹಡಗು ಎಳೆದರು ಎಂಬ ಮಾತು ಉಳಿದೇ ಉಳಿಯುತ್ತದೆ. ತೆರೆಯ ಮೇಲೆ ಆ ಹಡಗು ಕೆಸರಿನಲ್ಲಿ ಕಿರುಗುಟ್ಟುತ್ತ ಇಂಚಿಂಚಾಗಿ ಮೇಲೇರುವುದನ್ನು ಕಂಡು ನಾನು ಬೆರಗಾಗಿದ್ದೇನೆ. ಆ ಬೆರಗಿನ ಬೆಲೆ ಯಾರು ತೆತ್ತರೆಂಬ ಅರಿವೂ ಜೊತೆಗೇ ಇರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ನನ್ನಿಂದಾಗಿಲ್ಲ.

ಇನ್ನು ಬಂದೂಕು. ‘ಅಗಿರೆ’ ಚಿತ್ರೀಕರಣದ ವೇಳೆ ಕಿನ್‌ಸ್ಕಿ ಬಿಟ್ಟುಹೋಗಲು ಹೊರಟಾಗ, ಹೋದರೆ ಗುಂಡಿಕ್ಕುತ್ತೇನೆ ಎಂದು ಬೆದರಿಸಿದ್ದಾಗಿ ಹೆರ್ಜೋಗ್ ಅವರೇ ಹೇಳುತ್ತಾರೆ. ಕೈಯಲ್ಲಿ ಬಂದೂಕಿರಲಿಲ್ಲ ಎಂದೂ ಅವರೇ ಹೇಳುತ್ತಾರೆ. ಕಥೆ ಬಾಯಿಂದ ಬಾಯಿಗೆ ಹೋಗುವಾಗ ಬಂದೂಕು ತಾನಾಗಿ ಕೈಗೆ ಬಂದಿದೆ. ಅವರಿಬ್ಬರೂ ಸೇರಿ ಮಾಡಿದ್ದು ಐದು ಚಿತ್ರಗಳು, ಕೊನೆಯದು 1987ರ ‘ಕೋಬ್ರಾ ವೆರ್ದೆ’. ನಟನ ಮರಣಾನಂತರ, 1999ರಲ್ಲಿ, ಆ ಜಗಳಗಂಟ ಗೆಳೆತನದ ಬಗ್ಗೆಯೇ ಹೆರ್ಜೋಗ್ ಸಾಕ್ಷ್ಯಚಿತ್ರ ಮಾಡಿದರು. 2013ರಲ್ಲಿ ಕಿನ್‌ಸ್ಕಿಯ ಹಿರಿಯ ಮಗಳು ಪೋಲಾ, ಬಾಲ್ಯದಲ್ಲಿ ತಂದೆಯೇ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನೆಂದು ಪುಸ್ತಕ ಬರೆದ ಮೇಲೆ, ಸೆಟ್ಟಿನಲ್ಲಿ ಆತ ಕಿರುಚಾಡುವ ತುಣುಕುಗಳನ್ನು ಮಹಾ ಕಲಾವಿದನ ರಂಜನೀಯ ಮುಂಗೋಪ ಎಂದು ನೋಡಿ ನಗುವುದು ನನಗೆ ಸಾಧ್ಯವಾಗುತ್ತಿಲ್ಲ.

ಹುಚ್ಚು ಎಂಬ ಪದವನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ಅಗಿರೆ’ಯನ್ನು ಎಂಟು ಜನರ ತಂಡ, ಒಂದೇ ಕ್ಯಾಮೆರಾ ಇಟ್ಟುಕೊಂಡು ಐದಾರು ವಾರಗಳಲ್ಲಿ ಮುಗಿಸಿತು. ಹುಚ್ಚರು ಹಾಗೆ ಲೆಕ್ಕವಿಟ್ಟು ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಪಂದ್ಯ ಸೋತು ತಮ್ಮ ಬೂಟು ತಿಂದರು ಎಂಬುದು ನಿಜವೇ? (ತುಮಕೂರಿನ ವಿದ್ಯಾರ್ಥಿ)

ಉತ್ತರ: ನಿಜ. ಗೆಳೆಯ ಎರೋಲ್ ಮಾರಿಸ್ ತಮ್ಮ ಮೊದಲ ಚಿತ್ರವನ್ನು ಮುಗಿಸಿದರೆ ಬೂಟು ತಿನ್ನುವುದಾಗಿ ಹೇಳಿದ್ದರು, ಅವರು ಮುಗಿಸಿದರು. ಬರ್ಕ್‌ಲಿಯ ಪ್ರಸಿದ್ಧ ಹೋಟೆಲೊಂದರ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಸೊಪ್ಪು ಹಾಕಿ ಗಂಟೆಗಟ್ಟಲೆ ಬೇಯಿಸಿ, ಸಭಿಕರೆದುರು ತಿಂದರು. ಅಟ್ಟೆಯನ್ನು ಬಿಟ್ಟರು, ಕೋಳಿ ತಿನ್ನುವವರು ಮೂಳೆ ಬಿಡುವುದಿಲ್ಲವೇ ಎಂಬುದು ಅವರ ಸಮರ್ಥನೆ. ಇದನ್ನೂ ಲೆಸ್ ಬ್ಲ್ಯಾಂಕ್ ಅವರೇ 1980ರಲ್ಲಿ ಇಪ್ಪತ್ತು ನಿಮಿಷದ ಚಿತ್ರ ಮಾಡಿದ್ದಾರೆ.

ಪ್ರಶ್ನೆ: ಸಾಕ್ಷ್ಯಚಿತ್ರಗಳಲ್ಲಿ ಅವರು ಸುಳ್ಳು ಸೇರಿಸುತ್ತಾರೆ ಎಂದು ಓದಿದೆ. ಹಾಗಿದ್ದರೆ ಅವರಿಗೆ ಸಾಕ್ಷ್ಯಚಿತ್ರಕಾರರ ಸಾಲಿನಲ್ಲಿ ಸ್ಥಾನ ಕೊಡುವುದು ಹೇಗೆ? (ಬೆಂಗಳೂರಿನ ಪತ್ರಿಕೋದ್ಯಮ ವಿದ್ಯಾರ್ಥಿನಿ)

ಉತ್ತರ: ಸೇರಿಸುತ್ತಾರೆ, ಮುಚ್ಚಿಡುವುದೂ ಇಲ್ಲ. ರಷ್ಯಾದ ಭಕ್ತಿಯ ಬಗೆಗಿನ 1993ರ ‘ಬೆಲ್ಸ್ ಫ್ರಂ ದಿ ಡೀಪ್’ ಚಿತ್ರದಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ತೆವಳುತ್ತ ಕೆಳಗೆ ಮುಳುಗಿದ ನಗರವನ್ನು ಇಣುಕಿ ನೋಡುವ ಯಾತ್ರಿಕರು ವಾಸ್ತವದಲ್ಲಿ ಪಕ್ಕದೂರಿನಿಂದ ದುಡ್ಡು ಕೊಟ್ಟು ಕರೆತಂದ ಕುಡುಕರು. ‘ಲೆಸನ್ಸ್ ಆಫ್ ಡಾರ್ಕ್‌ನೆಸ್’ ಆರಂಭದಲ್ಲಿ ಫ್ರೆಂಚ್ ದಾರ್ಶನಿಕ ಪಾಸ್ಕಲ್‌ನ ಹೆಸರಿನಲ್ಲಿರುವ ಮಾತನ್ನು ಬರೆದವರು ಹೆರ್ಜೋಗ್. 1999ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಓದಿದ ಹನ್ನೆರಡು ಅಂಶಗಳ ಘೋಷಣೆಯಲ್ಲಿ ಅವರು, ಬರಿಯ ವಾಸ್ತವಾಂಶ ಲೆಕ್ಕಿಗರ ಸತ್ಯ, ಕಾವ್ಯದಂತೆ ಕಲ್ಪನೆಯಿಂದ ಮಾತ್ರ ಮುಟ್ಟಬಹುದಾದ ಆನಂದಾವಸ್ಥೆಯ ಸತ್ಯವೊಂದಿದೆ ಎಂದು ವಾದಿಸಿದರು. ನೀವು ಪತ್ರಿಕೋದ್ಯಮ ಓದುತ್ತಿರುವುದರಿಂದ ಎಚ್ಚರಿಸುತ್ತೇನೆ: ಈ ವಾದವನ್ನು ನಿಮ್ಮ ಸಂಪಾದಕರ ಮುಂದೆ ಇಡಬೇಡಿ.

ಆದರೆ ‘ಗ್ರಿಜ್ಲಿ ಮ್ಯಾನ್’ನ ಒಂದು ದೃಶ್ಯವನ್ನು ನೋಡಿ. ಅಲಾಸ್ಕಾದ ಕರಡಿಗಳ ನಡುವೆ ಹದಿಮೂರು ಬೇಸಿಗೆ ಕಳೆದ ಟಿಮತಿ ಟ್ರೆಡ್‌ವೆಲ್ ಎಂಬಾತ 2003ರಲ್ಲಿ ಸಂಗಾತಿಯೊಂದಿಗೆ ಕರಡಿಯ ಬಾಯಿಗೆ ತುತ್ತಾದಾಗ, ಕ್ಯಾಮೆರಾದ ಮುಚ್ಚಳ ತೆಗೆಯದಿದ್ದರೂ ಧ್ವನಿ ದಾಖಲಾಗಿತ್ತು. ಆ ಧ್ವನಿಯನ್ನು ಹೆರ್ಜೋಗ್ ಹೆಡ್‌ಫೋನ್‌ನಲ್ಲಿ ಕೇಳುತ್ತಾರೆ. ಕ್ಯಾಮೆರಾ ಅವರ ಹಿಂದಿದೆ. ನಮಗೆ ಕಾಣುವುದು ಅವರ ಮುಖವನ್ನೇ ದಿಟ್ಟಿಸುತ್ತಿರುವ, ಮೃತನ ಗೆಳತಿಯಾಗಿದ್ದ ಹೆಂಗಸಿನ ಮುಖ. ಸ್ವಲ್ಪ ಹೊತ್ತಿಗೆ ಅವರು ನಿಲ್ಲಿಸಲು ಹೇಳಿ, ಇದನ್ನು ನೀನು ಎಂದಿಗೂ ಕೇಳಕೂಡದು, ನಾಶ ಮಾಡಿಬಿಡು ಎನ್ನುತ್ತಾರೆ. ಪ್ರೇಕ್ಷಕರಿಗೆ ಒಂದು ಕ್ಷಣದ ಧ್ವನಿಯೂ ಕೇಳಿಸುವುದಿಲ್ಲ. ತೋರಿಸಬಾರದ್ದನ್ನು ತೋರಿಸದೆ ಅದರ ಭಾರವನ್ನು ಪೂರ್ತಿ ದಾಟಿಸುವ ಈ ಕಲೆ ಇರುವವರೆಗೆ ಅವರನ್ನು ಆ ಸಾಲಿನಿಂದ ಎಬ್ಬಿಸಲು ನಾನಂತೂ ಹೋಗಲಾರೆ.

ಪ್ರಶ್ನೆ: ಅವರಿಗೆ ಆಸ್ಕರ್ ಬಂದಿದೆಯೇ? ಈಚಿನ ಚಿತ್ರಗಳು ಹೇಗಿವೆ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಬಂದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಅಂಟಾರ್ಕ್ಟಿಕಾ ಚಿತ್ರ ನಾಮನಿರ್ದೇಶನಗೊಂಡಿತ್ತು, ಅಷ್ಟೆ. ಅವರನ್ನು ಎತ್ತಿಹಿಡಿದ ಅಮೆರಿಕನ್ ವಿಮರ್ಶಕ ರೋಜರ್ ಈಬರ್ಟ್‌ಗೆ ಅರ್ಪಿತವಾದ ಚಿತ್ರವೂ ಅದೇ. 2019ರಲ್ಲಿ ಯುರೋಪಿಯನ್ ಫಿಲ್ಮ್ ಅಕಾಡೆಮಿಯ ಜೀವಮಾನ ಪ್ರಶಸ್ತಿ, 2025ರಲ್ಲಿ ವೆನಿಸ್‌ನಲ್ಲಿ ಜೀವಮಾನ ಸಾಧನೆಯ ಸ್ವರ್ಣಸಿಂಹ ಬಂದಿವೆ. ಎರಡನೆಯದನ್ನು ಕೊಟ್ಟವರು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಈಚಿನ ಕಥಾಚಿತ್ರಗಳ ಬಗ್ಗೆ ನನಗೆ ಹೆಚ್ಚಿನ ಉತ್ಸಾಹವಿಲ್ಲ. ನಿಕೋಲ್ ಕಿಡ್‌ಮನ್ ನಟಿಸಿದ 2015ರ ‘ಕ್ವೀನ್ ಆಫ್ ದಿ ಡೆಸರ್ಟ್’ ನೋಡಿ ನಿರಾಸೆಯಾಯಿತು. ಸಾಕ್ಷ್ಯಚಿತ್ರಗಳಲ್ಲಿ ಮಾತ್ರ ಕೈ ಇನ್ನೂ ಪಳಗಿಯೇ ಇದೆ.

ಪ್ರಶ್ನೆ: ಭಾರತಕ್ಕೂ ಅವರಿಗೂ ಏನಾದರೂ ನಂಟಿದೆಯೇ? (ಶಿವಮೊಗ್ಗದ ಗೃಹಿಣಿಯೊಬ್ಬರು)

ಉತ್ತರ: ಇದೆ. 1991ರಲ್ಲಿ ಉದಯಪುರದಲ್ಲಿ ಆಸ್ಟ್ರಿಯಾದ ಕಲಾವಿದ ಆಂದ್ರೆ ಹೆಲರ್ ಏರ್ಪಡಿಸಿದ ಜನಪದ ಕಲೆಗಳ ಭಾರಿ ಪ್ರದರ್ಶನವನ್ನು ಅವರು ಚಿತ್ರೀಕರಿಸಿದರು. ಅದಕ್ಕಿಂತ ಉತ್ತಮವಾದದ್ದು 2003ರ ‘ವೀಲ್ ಆಫ್ ಟೈಮ್’. 2002ರ ಜನವರಿಯಲ್ಲಿ ಬೋಧಗಯೆಯಲ್ಲಿ ನಡೆಯಬೇಕಿದ್ದ ಕಾಲಚಕ್ರ ದೀಕ್ಷೆಗೆ ಲಕ್ಷಾಂತರ ಬೌದ್ಧರು ಸೇರಿದ್ದರು, ದಲಾಯಿ ಲಾಮಾ ಅಸ್ವಸ್ಥರಾಗಿ ದೀಕ್ಷೆ ನಿಂತುಹೋಯಿತು. ಅಡಿಗಡಿಗೆ ಸಾಷ್ಟಾಂಗ ನಮಸ್ಕಾರ ಹಾಕುತ್ತ ಮೂರೂವರೆ ವರ್ಷ ಪ್ರಯಾಣಿಸಿ ಬಂದ ಭಿಕ್ಷುವೊಬ್ಬರ ಹಣೆಯ ಗಾಯದ ಗುರುತನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ. ಪ್ಯಾರಿಸ್‌ಗೆ ನಡೆದ ಮನುಷ್ಯ ಇವರ ಮುಂದೆ ಎಷ್ಟು ವಿನೀತರಾಗಿ ಕುಳಿತಿದ್ದಾರೆ ಎಂಬುದನ್ನು ಗಮನಿಸಿ. 2010ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಕೇರಳ ಅಂತರರಾಷ್ಟ್ರೀಯ ಚಿತ್ರೋತ್ಸವ ಅವರಿಗೆ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. ನಮ್ಮ ಕಡೆ ಅವರನ್ನು ಪರಿಚಯಿಸಿದ್ದು ಫಿಲ್ಮ್ ಸೊಸೈಟಿಗಳು ಮತ್ತು ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನ. ನಾನು ‘ಕಾಸ್ಪರ್ ಹೌಸರ್’ ನೋಡಿದ್ದು ಗೀರು ಬಿದ್ದ 16 ಎಂ.ಎಂ. ಪ್ರತಿಯಲ್ಲಿ, ಕಬ್ಬಿಣದ ಮಡಿಸುವ ಕುರ್ಚಿಯ ಮೇಲೆ ಕೂತು. ನಡುವೆ ಎರಡು ಸಲ ರೀಲು ಬದಲಿಸಲು ದೀಪ ಹಾಕಿದರು. ಯಾರೂ ಎದ್ದು ಹೋಗಲಿಲ್ಲ.

ಪ್ರಶ್ನೆ: ನನ್ನ ಮಕ್ಕಳಿಗೆ ಅವರು ‘ದಿ ಮ್ಯಾಂಡಲೋರಿಯನ್’ ಸರಣಿಯ ದುಷ್ಟ ಮುದುಕ ಎಂದಷ್ಟೇ ಗೊತ್ತು. ಅವರಿಗೆ ಮೊದಲು ಯಾವ ಚಿತ್ರ ತೋರಿಸಲಿ? (ಕ್ಯಾಲಿಫೋರ್ನಿಯಾದ ಕನ್ನಡಿತಿಯೊಬ್ಬರು)

ಉತ್ತರ: 2012ರ ‘ಜ್ಯಾಕ್ ರೀಚರ್’ನಲ್ಲೂ ಅವರು ಖಳನೇ. ಈ ನಟನೆಯ ಸಂಭಾವನೆಯನ್ನು ಚಿತ್ರಗಳಿಗೆ ಸುರಿಯುತ್ತಾರೆಂದರೆ ಖಳನಾಗಲಿ ಬಿಡಿ. ಮಕ್ಕಳು ಹದಿನಾಲ್ಕು ದಾಟಿದ್ದರೆ ‘ಅಗಿರೆ’ಯಿಂದಲೇ ಆರಂಭಿಸಿ, ಕನಿಷ್ಠ ಮೊದಲ ಐದು ನಿಮಿಷವಾದರೂ ತೋರಿಸಿ. ಮೋಡ ಕವಿದ ಆಂಡೀಸ್ ಬೆಟ್ಟದ ಕಡಿದಾದ ಮೆಟ್ಟಿಲುಗಳಲ್ಲಿ ಇರುವೆಸಾಲಿನಂತೆ ಏನೋ ಇಳಿಯುತ್ತಿರುತ್ತದೆ. ಹತ್ತಿರವಾದಂತೆ ಕಬ್ಬಿಣದ ಟೊಪ್ಪಿಗೆಯ ಸ್ಪೇನಿನ ಸಿಪಾಯಿಗಳು, ಸರಪಳಿ ಬಿಗಿದ ಆದಿವಾಸಿ ಹಮಾಲರು, ಹಂದಿಗಳು, ಮೇನೆಯಲ್ಲಿ ಕುಳಿತ ಹೆಂಗಸರು, ಫಿರಂಗಿಯ ಗಾಲಿ, ಎಲ್ಲವೂ ಒಂದೊಂದಾಗಿ ಕಾಣತೊಡಗುತ್ತವೆ. ಪೊಪೋಲ್ ವೂ ತಂಡದ ಸಂಗೀತ ಮತ್ತು ನಿರೂಪಣೆಯ ಒಂದೆರಡು ವಾಕ್ಯ ಬಿಟ್ಟರೆ ಮಾತಿಲ್ಲ. ಬಂಗಾರದ ನಾಡನ್ನು ಹುಡುಕಿ ಹೊರಟ ಇವರು ಮರಳುವುದಿಲ್ಲವೆಂಬ ಭಾವ ಆಗಲೇ ಮೂಡಿಬಿಡುತ್ತದೆ.

ಧ್ವನಿಗಾಗಿ ಕಾಯುವ ಮಕ್ಕಳಿಗೆ ಮೊದಲೇ ತಿಳಿಸಿಬಿಡಿ: ಇದರಲ್ಲಿ ನಿರೂಪಣೆ ಇರುವುದು ಒಬ್ಬ ಪಾದ್ರಿಯ ದಿನಚರಿಯ ರೂಪದಲ್ಲಿ, ಹೆರ್ಜೋಗ್ ಅವರದಲ್ಲ. ಚಿತ್ರವನ್ನು ಇಂಗ್ಲಿಷ್ ಸಂಭಾಷಣೆಯಲ್ಲಿ ತೆಗೆದು ಆಮೇಲೆ ಜರ್ಮನ್ನಿಗೆ ಡಬ್ ಮಾಡಲಾಯಿತು. ಡಬ್ಬಿಂಗ್‌ಗೆ ಕಿನ್‌ಸ್ಕಿ ಕೇಳಿದಷ್ಟು ದುಡ್ಡು ಕೊಡಲಾಗದೆ, ಅಗಿರೆಯ ಬಾಯಿಗೆ ಬೇರೊಬ್ಬ ನಟನ ಕಂಠ ಕೊಡಿಸಿದ್ದಾರೆ.